ಫಾದಿಲನ ರಕ್ತದ ಕಾಗದ

ಪಾಯಕುಂಬುಹ್,
ಮಾರ್ಚ್ ೯, ಸೋಮವಾರ

ಉದಾ ಸಫ್ರಿಜಾಲ್ ಅವರಿಗೆ,

ಗಂಡನೆಂದು 'ಉದಾ' ಎಂದು ಬರೆದಿದ್ದೇನೆ, ನಿಮ್ಮ ಕ್ಷೇಮ ವಿಚಾರಿಸುವ ಮನಸ್ಸಿಲ್ಲ. ಮಗು ಹೋದ ಮೇಲೆ ನಾವಿಬ್ಬರೂ ಮಾಡಿಸಿದ್ದ ರಕ್ತಪರೀಕ್ಷೆಯ ಕಾಗದ ತರಲು ಶನಿವಾರ ಪಡಾಂಗ್‌ಗೆ ಹೋಗಿದ್ದೆ. ಡಾಕ್ಟರ್ ನೆಲ್ವಿದಾ ಕಣ್ಣರಳಿಸಿ, "ನಿನ್ನ ಗಂಡ ಹೇಳ್ಲಿಲ್ವೇನಮ್ಮಾ? ಜನವರೀಲೇ ತಗೊಂಡು ಹೋದ್ರಲ್ಲ. ಇಬ್ರಲ್ಲೂ ಒಂದೇ ಜೀನು ಕೆಟ್ಟಿದೆ" ಎಂದರು.

ಎರಡು ತಿಂಗಳು ಉದಾ! ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದಿರಿ.

ಆ ಜೀನು ಒಂದು ಕಾಲದಲ್ಲಿ ಅಲೆಮಾರಿಯಾಗಿತ್ತಂತೆ. ತನ್ನನ್ನು ತಾನೇ ಕತ್ತರಿಸಿಕೊಂಡು ಇಲ್ಲಿಂದಲ್ಲಿಗೆ ಜಿಗಿಯುತ್ತಿದ್ದ ತುಣುಕು. ನಮ್ಮ ಪೂರ್ವಜರು ಇನ್ನೂ ನೀರಿನಲ್ಲಿದ್ದಾಗಲೇ ಒಂದೆಡೆ ನೆಲೆ ನಿಂತು, ಆ ಕತ್ತರಿಸುವ ಕಸುಬಿನಿಂದಲೇ ಮೈಗೆ ರೋಗ ತಡೆಯುವ ಕಾವಲು ಕಟ್ಟತೊಡಗಿತಂತೆ. ನಮ್ಮ ಹಾಗೆ ಒಂದೇ ಪ್ರತಿ ಕೆಟ್ಟಿದ್ದರೆ ಏನೂ ಆಗದು, ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಗುವಿಗೆ ಕಾವಲೇ ಇಲ್ಲ. ನಮ್ಮ ಫಾದಿಲ್ ಆರು ತಿಂಗಳಿಗೇ ಹೋದದ್ದು ಹಾಗೆ. ನನಗದು ಅಪ್ಪನಿಂದ, ನಿಮಗೆ ಅಪ್ಪನ ತಂಗಿಯಾದ ನಿಮ್ಮಮ್ಮನಿಂದ ಬಂದಿರಬೇಕಂತೆ.

ಮಗು ತೀರಿಕೊಂಡ ನಲವತ್ತನೆಯ ದಿನದ ಊಟದಲ್ಲಿ ಅತ್ತೆ ಊರೆಲ್ಲರೆದುರು ಹೇಳಿದ್ದು ನೆನಪಿದೆಯೆ? "ನಮ್ಮ ಕಡೆ ಇಂಥದ್ದು ಆಗೇ ಇಲ್ಲ. ಇವಳ ಹೊಟ್ಟೇಲೇ ಏನೋ ಇದೆ!" ನಾನು ಅಳುತ್ತಲೇ, "ಅತ್ತೆ, ನಾನು ನಿಮ್ಮಣ್ಣನ ಮಗಳಲ್ವಾ?" ಎಂದೆ. "ಹೊಟ್ಟೆ ನಿಮ್ಮಮ್ಮನ ಕಡೇದು ಕಣೇ" ಎಂದರು. ಹೆಂಗಸರು ನಕ್ಕರು. ನೀವು ತಲೆ ತಗ್ಗಿಸಿ ಅನ್ನಕ್ಕೆ ರೆಂದಾಂಗ್ ಮಾಂಸ ಕಲಸಿಕೊಂಡು ಉಣ್ಣುತ್ತಿದ್ದಿರಿ. ಮರುದಿನವೇ, ನಮ್ಮ ಪದ್ಧತಿಯಂತೆ ಅಳಿಯನಾಗಿ ಬಂದು ನೆಲೆಸಿದ್ದ ನಮ್ಮ ಮನೆಯಿಂದ ಬಟ್ಟೆ ಕಟ್ಟಿಕೊಂಡು ಅಮ್ಮನ ಮನೆ ಸೇರಿದಿರಿ.

ಆಗ ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆಮೇಲೆ ಗೊತ್ತಾಯಿತಲ್ಲ! ನಾನು ಸಂತೆಗೆ ಹೋದರೆ ಬಸುರಿಯರು ಸರಿದು ನಿಲ್ಲುತ್ತಾರೆ. ಅದಾದರೂ ಹಾಳಾಗಲಿ. ಈದ್ ಮುಗಿದ ಮೇಲೆ ನಿಮ್ಮ ತಂಗಿ ರಹ್ಮಿಗೂ ನನ್ನ ತಮ್ಮ ಯೆಂದ್ರಿಗೂ ಮದುವೆ. ಅವರಿಗೂ ಅದೇ ಅಜ್ಜ, ಅದೇ ಅಜ್ಜಿ. ಕಾಗದ ಜೇಬಿನಲ್ಲಿಟ್ಟುಕೊಂಡು ನೀವು ಚಪ್ಪರಕ್ಕೆ ಬಿದಿರು ಕಡಿಸುತ್ತಿದ್ದೀರಿ! ಅಮ್ಮನ ಮಾತು ಸುಳ್ಳಾಗಬಾರದೆಂದು ಇನ್ನೊಂದು ಮಗುವನ್ನು ಮಣ್ಣಿಗಿಡಬೇಕೆ?

ನಾನೂ ಅಂಥ ಸತ್ಯವಂತೆಯೇನಲ್ಲ. ಪಡಾಂಗ್ ದಾರಿಯುದ್ದಕ್ಕೂ ತಪ್ಪು ನಿಮ್ಮದೊಬ್ಬರದೇ ಆಗಿರಲಿ ಎಂದು ಬೇಡಿಕೊಂಡಿದ್ದೆ. ಆಗಲಿಲ್ಲ.

ಅತ್ತೆ ಯಾರೆದುರು ನನ್ನನ್ನು ಅಂದರೋ ಅವರೆದುರೇ ಆ ಕಾಗದವನ್ನು ನೀವು ಗಟ್ಟಿಯಾಗಿ ಓದಬೇಕು. ಆಮೇಲೆ ನಮ್ಮ ಮೆಟ್ಟಿಲು ಹತ್ತುವ ಮಾತು.

ಫಾದಿಲನ ತಾಯಿ,
ದೆಸ್ಮಿತಾ

ಮರೆತ ಮಾತು: ಈ ಪತ್ರ ತಂದುಕೊಟ್ಟವಳು ರಹ್ಮಿಯೇ. ಲಕೋಟೆ ಅಂಟಿಸುವ ಮೊದಲು ಅವಳೂ ಓದಿದ್ದಾಳೆ. ನೀವು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ ಎಂದಿದ್ದಾಳೆ. ತಲೆಯೆತ್ತಿ ಅವಳ ಮುಖ ನೋಡಿ.