ಬಾಗಿಲೆದುರಿನ ಬೇವು

ಸೇಡಂ

ಅಪ್ಪಾಜಿಗೆ ಶಿವಗಂಗಾಳ ಶರಣಾರ್ಥಿ.

ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಕೊಳ್ಳಲಿರುವ ಮನೆಗೆ ಇವತ್ತು ಹೋದರೆ, ಬೇವಿನ ಗಿಡದ ಬುಡದಲ್ಲಿ ಇಬ್ಬರು ಕೊಡಲಿ ಹಿಡಿದು ನಿಂತಿದ್ದರು. ಮನೆ ಮಾರುತ್ತಿರುವ ಚಂದ್ರಾಮಪ್ಪನವರು, “ನಿಮ್ಮಪ್ಪಾರೇ ಫೋನ್ ಮಾಡಿ ಹೇಳ್ಯಾರ್ರಿ, ಬಾಗಲ ಎದುರಿಗಿ ಗಿಡ ಇದ್ರ ವಾಸ್ತು ಕೆಡ್ತದಂತ. ಅದಕ್ಕ ಕಡಸಾಕತ್ತೀನ್ರಿ” ಅಂದರು. ಗಿಡಕ್ಕೆ ಅಡ್ಡ ನಿಂತು ಕೊಡಲಿಯವರನ್ನು ವಾಪಸ್ ಕಳಿಸಿದೆ. ಓಣಿಯೆಲ್ಲ ನೋಡುತ್ತಿತ್ತು.

ದಿನಾ ಮುಂಜಾನೆ ವಚನ ಹೇಳಿಕೊಂಡು ಲಿಂಗಪೂಜೆ ಮಾಡುವವರು ನೀವು. ಈ ವಾಸ್ತುವನ್ನು ನಿಮಗೆ ಯಾವ ಶರಣರು ಕಲಿಸಿದರು? ಇದಕ್ಕೂ ಮೊದಲು ಕೊಳ್ಳಲು ನೋಡಿದ್ದ ಮನೆಯನ್ನು ಬಾಗಿಲು ದಕ್ಷಿಣಕ್ಕಿದೆ ಎಂದು ಬಿಡಿಸಿದಿರಿ, ಒಪ್ಪಿಕೊಂಡೆ. ಈ ಮನೆ ನೋಡಲು ಬಂದ ದಿನ ಒಳಗೆ ಸೆಕೆ ಎಂದು ಹೊರಗೆ ಬಂದು, ಅದೇ ಬೇವಿನ ಕೆಳಗೆ ಟವೆಲ್ ಹಾಸಿಕೊಂಡು ಗೊರಕೆ ಹೊಡೆದವರು ಯಾರು?

ಸೋಮವಾರ ರಿಜಿಸ್ಟ್ರಿ ಇದೆ. ಬನ್ನಿ, ಆದರೆ ಪಂಚಾಂಗ ತರಬೇಡಿ. ಚಿಮ್ಮನಚೋಡದಿಂದ ಬರುವಾಗ ನಿಮ್ಮ ಬಟ್ಟೆಗಳನ್ನೆಲ್ಲ ತನ್ನಿ, ಮಂಡಿಗೆ ಹಚ್ಚುವ ಎಣ್ಣೆ ಮರೆಯಬೇಡಿ. ಬೇರೆ ಕಡೆ ಇದಕ್ಕಿಂತ ದೊಡ್ಡ ಮನೆ ಸಿಗುತ್ತಿತ್ತು. ಆದರೆ ಇಲ್ಲಿಂದ ಮಠಕ್ಕೂ ದವಾಖಾನೆಗೂ ದಾರಿಯುದ್ದಕ್ಕೂ ಗಿಡಗಳಿವೆ, ನೆರಳಲ್ಲೇ ನಿಧಾನಕ್ಕೆ ನಡೆದು ಹೋಗಬಹುದು. ನಾನೂ ನಿಮ್ಮ ಅಳಿಯನೂ ಓಣಿ ತುದಿಯ ಕಿರಾಣಿ ಅಂಗಡಿಗೂ ಸ್ಕೂಟರ್ ಮೇಲೆಯೇ ಹೋಗುವವರು.

ಸಿಟ್ಟಿನಲ್ಲಿರುವ ನಿಮ್ಮ ಮಗಳು,
ಶಿವಗಂಗಾ