ಗೆರೆ ಬಿದ್ದ ಕಲ್ಲು

ಮಾರ್ಚ್ ೧೪

ಮಗಳೇ,

ನಾನು ಗಟ್ಟಿಯಾಗಿದ್ದೇನೆ, ನೀನೂ ಹಾಗೇ ಇರು. ಉತ್ತರ ತಡವಾಯಿತು. ಕ್ವಾರಿಯಲ್ಲಿ ಯಂತ್ರ ಕೆಟ್ಟು, ಮೆಕ್ಯಾನಿಕ್‌ನ ತಲೆಯ ಮೇಲೆ ಕೂತು ಸರಿ ಮಾಡಿಸುವಷ್ಟರಲ್ಲಿ ತಿಂಗಳೇ ಕಳೆಯಿತು. ಬೇಸರ ಮಾಡಿಕೊಳ್ಳಬೇಡ.

ನಿಮ್ಮ ದೊಡ್ಡ ಪ್ರೊಫೆಸರ್ ಬಂದು ಹೋದರು. ನಮ್ಮ ಬಟ್ಟಲಿನಂಥ ಬಯಲನ್ನೆಲ್ಲ ಸುತ್ತಿ ಬಂದು, ಕಾಫಿ ಕುಡಿಯುತ್ತ, "ನೋಡಿ ಅಮ್ಮ, ನಿಮ್ಮ ಮಗಳು ಬರೆದಿದ್ದಕ್ಕೆ ಪುರಾವೆ ಸಾಲದು. ಗುಂಡಗಿರೋದೆಲ್ಲ ಉಲ್ಕೆ ಬಿದ್ದ ಗುಂಡಿ ಆಗಲ್ಲ. ಸತ್ತ ಜ್ವಾಲಾಮುಖಿನೂ ಇರಬಹುದು" ಅಂದರು.

"ನನ್ನ ಮಗಳು ಬಾಯಿಗೆ ಬಂದದ್ದು ಬರೆಯೋಳಲ್ಲ. ನಿಮಗೇನು ಬೇಕು, ಅದು ಹೇಳಿ" ಅಂದೆ.

ಗೆರೆ ಬಿದ್ದ ಕಲ್ಲು ಬೇಕಂತೆ. ಉಲ್ಕೆಯ ಹೊಡೆತಕ್ಕೆ ಬಂಡೆಯೊಳಗೆ, ಕುದುರೆ ಬಾಲ ಹರಡಿದ ಹಾಗೆ, ಒಂದೇ ತುದಿಯಿಂದ ಗೆರೆಗಳು ಬಿಚ್ಚಿಕೊಂಡಿರಬೇಕು. ಜ್ವಾಲಾಮುಖಿಯಿಂದ ಅಂಥ ಗೆರೆ ಬೀಳುವುದಿಲ್ಲವಂತೆ. ಅದೊಂದು ಸಿಕ್ಕರೆ ನಿನ್ನ ಲೇಖನದಲ್ಲಿನ "ಬಹುಶಃ" ತಾವೇ ಹೊಡೆದುಹಾಕುತ್ತಾರಂತೆ. ಸಿಗದಿದ್ದರೆ ಈ ವರ್ಷಕ್ಕೆ ನಿನ್ನ ಸಂಶೋಧನೆ ನಿಲ್ಲುತ್ತದಂತೆ.

ಮೇಸ್ತ್ರಿಯನ್ನು ಕರೆಸಿದೆ. ಅವನು ನಕ್ಕುಬಿಟ್ಟ. "ಅಮ್ಮಾವ್ರೇ, ಅಂಥ ಕಲ್ಲು ಉಳಿ ಇಟ್ಟ ಕಡೆ ಒಡೆಯಲ್ಲ, ತನಗೆ ಬೇಕಾದ ಕಡೆ ಒಡೆಯತ್ತೆ. ಕೆಟ್ಟ ಕಲ್ಲು ಅಂತ ನೀವೇ ಅಲ್ವಾ ಎಲ್ಲಾ ಕ್ರಷರ್‌ಗೆ ಹಾಕಿಸಿದ್ದು? ಮನೆ ಮುಂದಿನ ರಸ್ತೆ ಪೂರ್ತಿ ಅದರದೇ ಜಲ್ಲಿ."

ಪ್ರೊಫೆಸರ್ ಕಾರು ಹತ್ತುವ ಮುಂಚೆ ಆ ರಸ್ತೆಯನ್ನು ಬಗ್ಗಿ ನೋಡಿದ್ದನ್ನು ನೀನು ನೋಡಬೇಕಿತ್ತು. ಮನೆ ಕಟ್ಟಲು ಬಾರದ ಕಲ್ಲನ್ನು ಜಲ್ಲಿ ಮಾಡುವುದು ನನ್ನ ಕಸುಬು. ಅದಕ್ಕೆ ನಾನು ತಲೆ ತಗ್ಗಿಸಲಿಲ್ಲ.

ನೀನು ಹೆದರಬೇಡ. ಒಂದು ಕಲ್ಲು ಇಡಿಯಾಗಿ ಉಳಿದಿದೆ. ಸೊಂಟದೆತ್ತರ ಇದೆ, ಗೆರೆಗಳು ಬಾಚಿದಷ್ಟು ಸ್ಪಷ್ಟ. ಅವರಿಗೆ ತೋರಿಸಿಲ್ಲ. ನೀನೇ ಬಂದು ತುಂಡು ತೆಗೆದುಕೊಂಡು ಹೋಗು. ಗೆದ್ದೇ ಗೆಲ್ಲುತ್ತೀಯ, ನನಗೆ ಅನುಮಾನವಿಲ್ಲ.

ಕೈ ಹಾಕಿದ ಕೆಲಸವೆಲ್ಲ ನಿನಗೆ ಕೈಗೂಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

ಮತ್ತೊಂದು ಮಾತು. ಆ ಕಲ್ಲು ಎಲ್ಲಿದೆ ಎಂದು ಬರೆಯಲಿಲ್ಲ. "ಇದು ಚೆನ್ನಾಗಿದೆ, ಒಡೀಬೇಡಿ" ಎಂದು ನಿಮ್ಮಪ್ಪ ಎತ್ತಿಡಿಸಿದ್ದ ಕಲ್ಲು ಅದು. ಅವರ ಸಮಾಧಿಯ ಮೇಲೆ ನಿಲ್ಲಿಸಿದ್ದೇವೆ. ನೀನು ಬಂದಿದ್ದರೆ ನೋಡಿರುತ್ತಿದ್ದೆ. ಅವರನ್ನು ಮಣ್ಣು ಮಾಡಿದ ದಿನ ನೀನು ಯಾವುದೋ ದೂರದ ಗುಂಡಿ ಅಳೆಯುತ್ತಿದ್ದೆ. ಆಮೇಲೂ ಬರಲಿಲ್ಲ. ಅವರ ಕಲ್ಲಿಗೆ ಉಳಿ ಇಡುವುದಾದರೆ ನಿನ್ನ ಕೈಯೇ ಇಡಬೇಕು. ಪ್ರೊಫೆಸರಿಗೂ ಬಿಡುವುದಿಲ್ಲ, ಮೇಸ್ತ್ರಿಗೂ ಬಿಡುವುದಿಲ್ಲ.