ಚರಿತ್ರೆಗೆ ಬೇಕಾದ ಅಣ್ಣನ ಫೋಟೊ

ಸಂಪಾದಕ ಸಂಗಾತಿಗಳಿಗೆ ವಂದನೆಗಳು.

ಪಕ್ಷದ ಯುವ ಸಂಘದ ಚರಿತ್ರೆ ಬರೆಯುತ್ತಿದ್ದೇನೆಂದು ಅಣ್ಣನ ಫೋಟೊ ಕೇಳಲು ಮೊನ್ನೆ ಮನೆಗೆ ಬಂದಿದ್ದಿರಿ. ನೀವೂ ಅಣ್ಣನೂ ಒಂದೇ ಸೈಕಲ್ಲಿನಲ್ಲಿ ಗಿರಣಿಗಳನ್ನು ಸುತ್ತಿ ಹುಡುಗರನ್ನು ಸಂಘಕ್ಕೆ ಸೇರಿಸಿದ ಕಥೆ ಕೇಳಿ ಅಮ್ಮನ ಮುಖ ಅರಳಿತು. ಹೊರಡುವಾಗ ಬಾಗಿಲಲ್ಲಿ ನನ್ನೊಬ್ಬಳಿಗೇ ಕೇಳುವಂತೆ, "ಪಾಪ, ಅವನಿಗೆ ಕೈ ತೊಳೆಯೋಕೂ ಬಿಡ್ಲಿಲ್ಲ. ಎಂಜಲು ಕೈಯಲ್ಲೇ ಎಳ್ಕೊಂಡು ಹೋದ್ರು" ಅಂದಿರಿ.

ಸಂಘವನ್ನು ನಿಷೇಧಿಸಿದಾಗ ಅಣ್ಣ ಅಡಗಿದ್ದುದು ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ. ಪೊಲೀಸರು ನುಗ್ಗಿದಾಗ ಊಟಕ್ಕೆ ಕೂತಿದ್ದ. ಅಲ್ಲಿದ್ದವಳು ನಾನೊಬ್ಬಳೇ. ಅವನು ಜೈಲಿನಿಂದ ಜೀವಂತ ಬರಲಿಲ್ಲ. ಅಮ್ಮನಿಗೆ ಸಂಕಟವಾಗುತ್ತದೆಂದು ಆ ಎಂಜಲು ಕೈಯ ವಿಷಯ ನಾನು ಯಾರೆದುರೂ ಬಾಯಿಬಿಟ್ಟಿಲ್ಲ. ಹೊರಗೆ ನಿಂತಿದ್ದ ಜೀಪಿನಲ್ಲಿ ಮುಖ ಮುಚ್ಚಿಕೊಂಡ ಒಬ್ಬ ಕೂತಿದ್ದ. ನೀವಂತೂ ಆ ದಿನ ದೂರದ ಊರಿನ ಸಭೆಯಲ್ಲಿದ್ದೆ ಎನ್ನುತ್ತಲೇ ಬಂದಿದ್ದೀರಿ.

ಆ ಸಭೆ ಎಲ್ಲಿ ನಡೆಯಿತು, ಜೊತೆಗೆ ಯಾರಿದ್ದರು ಎಂಬುದನ್ನು ಚರಿತ್ರೆಯಲ್ಲಿ ಬಿಡಿಸಿ ಬರೆಯಿರಿ. ಓದಿದ ಮೇಲೆ ಫೋಟೊ ಕೊಡುವ ಮಾತು. ಅಲ್ಲಿಯವರೆಗೆ ದಯವಿಟ್ಟು ಮನೆಗೆ ಬರಬೇಡಿ. ಬಂದರೆ ಅಮ್ಮ ಮಗನ ಗೆಳೆಯನೆಂದು ಊಟಕ್ಕೆ ಕೂರಿಸುತ್ತಾಳೆ. ನಿಮಗೆ ಬಡಿಸಲು ನನ್ನಿಂದಾಗದು.

ಇಂತಿ,
ನಿಮ್ಮ ಗೆಳೆಯನ ತಂಗಿ